ವಿದ್ಯುತ್ತು ಮರಳುವ ದಾರಿ

ಮೊಬೈಲು, ಸಿಡಿ ಪ್ಲೇಯರು ಮುಂತಾದವು ಕೊಡುವ ಒಂದೆರಡು ವೋಲ್ಟಿನ ದುರ್ಬಲ ಸಂಕೇತವನ್ನು, ಸ್ಪೀಕರಿನ ಶಂಕುವನ್ನು ಹಿಂದುಮುಂದಕ್ಕೆ ಅಲುಗಿಸುವಷ್ಟು ಬಲವುಳ್ಳ ವಿದ್ಯುತ್ತಾಗಿ ಮಾಡುವ ಸಾಧನವೇ ಪವರ್ ಆಂಪ್ಲಿಫೈಯರ್. ಆದರೆ ಆ ಬಲ ಸಂಕೇತದಿಂದ ಬರುವುದಿಲ್ಲ. ಗೋಡೆಯ ಸಾಕೆಟ್ಟಿನಿಂದ ಬರುವ ಶಕ್ತಿಯನ್ನು ಯಾವ ಕ್ಷಣದಲ್ಲಿ ಎಷ್ಟು ಹರಿಯಬಿಡಬೇಕು ಎಂಬುದನ್ನಷ್ಟೇ ಸಂಕೇತ ನಿರ್ಧರಿಸುತ್ತದೆ. ಆದುದರಿಂದ ಮನೆಯಲ್ಲಿ ಕಟ್ಟಿದ ಆಂಪ್ಲಿಫೈಯರಿನ ಗುಣದೋಷಗಳ ವಿಚಾರವು ಅದರ ಸರ್ಕಿಟ್ಟಿನಿಂದಲ್ಲ, ಆ ಮನೆಯ ವೈರಿಂಗಿನಿಂದಲೇ ಆರಂಭವಾಗಬೇಕು.

ಆಮ್ಸ್ಟರ್‌ಡ್ಯಾಮಿನ ದಕ್ಷಿಣಕ್ಕೆ ಹೊಂದಿಕೊಂಡಿರುವ ಆಮ್ಸ್ಟೆಲ್‌ವೀನ್ ಇದಕ್ಕೆ ತಕ್ಕ ಉದಾಹರಣೆ. ಭಾರತೀಯರು ದೊಡ್ಡ ಸಂಖ್ಯೆಯಲ್ಲಿ ನೆಲೆಸಿರುವ, ಕನ್ನಡ ಕುಟುಂಬಗಳೂ ಇರುವ ಈ ಊರು ಬಹುಮಟ್ಟಿಗೆ ಎರಡನೆಯ ಮಹಾಯುದ್ಧದ ನಂತರ ಬೆಳೆದದ್ದು. ನೆದರ್‌ಲ್ಯಾಂಡ್ಸಿನಲ್ಲಿ 1990ರ ದಶಕದ ಉತ್ತರಾರ್ಧದವರೆಗೂ ಅಡುಗೆಮನೆ, ಬಚ್ಚಲುಗಳಂಥ ಒದ್ದೆಯ ಜಾಗಗಳಿಗೆ ಮಾತ್ರ ಅರ್ಥಿಂಗ್ ಕಡ್ಡಾಯವಾಗಿದ್ದುದರಿಂದ, ಹಳೆಯ ಮನೆಗಳ ಹಜಾರ ಮತ್ತು ಮಲಗುವ ಕೋಣೆಗಳ ಸಾಕೆಟ್ಟುಗಳಿಗೆ ಇಂದಿಗೂ ಅರ್ಥ್ ಇಲ್ಲದಿರುವುದುಂಟು. ವೋಲ್ಟೇಜು ಮತ್ತು ಆವರ್ತನ ಕರ್ನಾಟಕದಲ್ಲಿರುವಂತೆ 230 ವೋಲ್ಟ್, 50 ಹರ್ಟ್ಸ್. ಆದರೆ ಅಲ್ಲಿನ ಪ್ಲಗ್ಗು ನಮ್ಮ ಮೂರು ಪಿನ್ನಿನದರಂತಲ್ಲ, ಅದನ್ನು ತಿರುಗಿಸಿಯೂ ಚುಚ್ಚಬಹುದು, ಆಗ ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾಗುತ್ತವೆ. ಹೀಗಾಗಿ ಅಲ್ಲಿ ಕಟ್ಟುವ ಪೆಟ್ಟಿಗೆಯ ಸ್ವಿಚ್ಚು ಎರಡೂ ತಂತಿಗಳನ್ನು ಒಟ್ಟಿಗೆ ಕಡಿಯುವಂಥದ್ದಾಗಿರಬೇಕು. ಲೋಹದ ಪೆಟ್ಟಿಗೆಯಾದರೆ ಅರ್ಥ್ ಇರುವ ಸಾಕೆಟ್ಟನ್ನು ಹಾಕಿಸಿಕೊಳ್ಳದೆ ಅದನ್ನು ಬಳಸಲೇಕೂಡದು.

ಈ ಕಸುಬಿಗೆ ನೆದರ್‌ಲ್ಯಾಂಡ್ಸ್ ಅಪರಿಚಿತ ನೆಲವಲ್ಲ. ಐಂಡ್‌ಹೋವನ್ನಿನ ಫಿಲಿಪ್ಸ್ ಪ್ರಯೋಗಾಲಯದಲ್ಲಿ ಬರ್ನಾರ್ಡ್ ಟೆಲೆಗೆನ್ 1926ರಲ್ಲಿ ರೂಪಿಸಿದ ಪೆಂಟೋಡ್, ಅಂದರೆ ಐದು ವಿದ್ಯುದ್ವಾರಗಳ ವಾಲ್ವು, ರೇಡಿಯೊಗಳಿಗೆ ಬಲವಾದ ದನಿಯನ್ನು ತಂದಿತು. ಅದೇ ಸಂಸ್ಥೆಯ ಯಾನ್ ಲೋಸ್ಟ್ರೋ, ಫಿನ್‌ಲೆಂಡಿನ ಮ್ಯಾಟಿ ಓಟಾಲಾ ಅವರೊಡನೆ 1973ರಲ್ಲಿ ಪ್ರಕಟಿಸಿದ ಆಂಪ್ಲಿಫೈಯರಿನ ವಿನ್ಯಾಸ, ಥಟ್ಟನೆ ಏರಿಳಿಯುವ ಸಂಕೇತಗಳಲ್ಲಿ ಹುಟ್ಟುವ ವಿಕೃತಿಯ ಕಡೆಗೆ ವಿನ್ಯಾಸಕಾರರ ಗಮನ ಸೆಳೆಯಿತು. ಈಗ ಎಲೆಕ್ಟರ್ ಎಂಬ ಹೆಸರಿನಿಂದ ಬರುತ್ತಿರುವ ಪತ್ರಿಕೆಯೂ 1961ರಲ್ಲಿ ಈ ದೇಶದಲ್ಲಿಯೇ ಹುಟ್ಟಿ, ಮನೆಯಲ್ಲಿಯೇ ಬೆಸುಗೆ ಹಾಕುವ ಹವ್ಯಾಸಿಗಳಿಗೆ ನಕ್ಷೆಗಳನ್ನು ಒದಗಿಸುತ್ತ ಬಂದಿದೆ.

ಇಂದು ಹೊಸಬರು ಕಟ್ಟುವ ಆಂಪ್ಲಿಫೈಯರುಗಳಲ್ಲಿ ಎಲ್‌ಎಂ3886 ಎಂಬ ಐಸಿಯನ್ನು ಆಧರಿಸಿದವು ಬಹಳ. ಹನ್ನೊಂದು ಕಾಲುಗಳ ಈ ಬಿಡಿಭಾಗ ಬೆಂಗಳೂರಿನ ಎಸ್.ಪಿ. ರಸ್ತೆಯ ಹವ್ಯಾಸಿಗಳಿಗೂ ಪರಿಚಿತವೇ. ಧನ ಮತ್ತು ಋಣ 28 ವೋಲ್ಟುಗಳನ್ನು ಕೊಟ್ಟರೆ ಅದು 4 ಓಮ್ ಸ್ಪೀಕರಿಗೆ 68 ವಾಟ್ ನೀಡಬಲ್ಲದು. ಅತಿ ಬಿಸಿಯಿಂದಲೂ ಶಾರ್ಟ್ ಸರ್ಕಿಟ್ಟಿನಿಂದಲೂ ತನ್ನನ್ನು ತಾನೇ ಕಾಪಾಡಿಕೊಳ್ಳುತ್ತದೆ. ಸಾಕೆಟ್ಟಿನ 230 ವೋಲ್ಟನ್ನು ಟ್ರಾನ್ಸ್‌ಫಾರ್ಮರು 22 ವೋಲ್ಟಿನ ಎರಡು ಸುತ್ತುಗಳಲ್ಲಿ ತಗ್ಗಿಸುತ್ತದೆ, ನಾಲ್ಕು ಡಯೋಡುಗಳ ಬ್ರಿಡ್ಜು ಅದನ್ನು ಏಕಮುಖಗೊಳಿಸುತ್ತದೆ, ತಲಾ 10,000 ಮೈಕ್ರೊಫ್ಯಾರಡ್‌ನ ದೊಡ್ಡ ಕೆಪಾಸಿಟರುಗಳು ಏರಿಳಿತವನ್ನು ಮಟ್ಟಸಗೊಳಿಸುತ್ತವೆ, ಕೊನೆಗೆ ಐಸಿಗೆ ಎರಡೂ ಕಡೆ ಸುಮಾರು 30 ವೋಲ್ಟ್ ದೊರೆಯುತ್ತದೆ.

ನಕ್ಷೆ ಇಷ್ಟು ಸರಳವಾಗಿದ್ದರೂ ಮೊದಲ ಬಾರಿ ಕಟ್ಟಿದ ಪೆಟ್ಟಿಗೆ ಸಾಮಾನ್ಯವಾಗಿ ಗುಂಯ್‌ಗುಡುತ್ತದೆ, ಮತ್ತು ಕಟ್ಟಿದವರು ದೋಷವನ್ನು ಐಸಿಯಲ್ಲಿ ಹುಡುಕುತ್ತಾರೆ. ದೋಷ ಇರುವುದು ಹೆಚ್ಚಾಗಿ ನಕ್ಷೆಯಲ್ಲಿ ಮೂರು ಚಿಕ್ಕ ಗೆರೆಗಳಾಗಿ ಕಾಣುವ ಗ್ರೌಂಡಿನಲ್ಲಿ. ಆ ಚಿಹ್ನೆಯಿರುವ ಬಿಂದುಗಳೆಲ್ಲ ಒಂದೇ ವೋಲ್ಟೇಜಿನಲ್ಲಿವೆ ಎಂದು ನಕ್ಷೆ ಸೂಚಿಸುತ್ತದೆ; ನಿಜವಾದ ತಂತಿಗೆ ರೋಧವಿರುವುದರಿಂದ ಅದು ಎಂದೂ ನಿಜವಲ್ಲ. ಡಯೋಡುಗಳು ಕೆಪಾಸಿಟರುಗಳನ್ನು ತುಂಬುವುದು ಒಂದೇ ಸಮನೆ ಅಲ್ಲ, ಸೆಕೆಂಡಿಗೆ 100 ಸಲ, ಕ್ಷಣಮಾತ್ರದ ಹೊಡೆತಗಳಲ್ಲಿ. ಸಂಗೀತವಿಲ್ಲದ ಹೊತ್ತಿನಲ್ಲಿ ಆ ಹೊಡೆತದ ಎತ್ತರ ಒಂದು ಆಂಪಿಯರ್ ಎಂದಿಟ್ಟುಕೊಂಡರೆ, 1 ಚದರ ಮಿಲಿಮೀಟರ್ ದಪ್ಪದ 10 ಸೆಂಟಿಮೀಟರ್ ತಾಮ್ರದ ತಂತಿಯಲ್ಲಿ ಅದು ಸುಮಾರು 1.7 ಮಿಲಿವೋಲ್ಟಿನ ವ್ಯತ್ಯಾಸವನ್ನು ಉಂಟುಮಾಡುತ್ತದೆ. ಸಂಕೇತ ಬರುವ ತಂತಿಯ ಗ್ರೌಂಡನ್ನೂ ಅದೇ ತುಂಡಿಗೆ ಬೆಸೆದಿದ್ದರೆ ಆ ವ್ಯತ್ಯಾಸವೂ ಸಂಕೇತದ ಭಾಗವಾಗಿ, ಆಂಪ್ಲಿಫೈಯರಿನ ವರ್ಧನೆಯಿಂದ ಇಪ್ಪತ್ತು ಪಟ್ಟು ಹಿಗ್ಗಿ, 34 ಮಿಲಿವೋಲ್ಟಾಗಿ ಸ್ಪೀಕರನ್ನು ಸೇರುತ್ತದೆ; ನಿಶ್ಶಬ್ದವಾದ ಕೋಣೆಯಲ್ಲಿ ಕಿವಿಗೆ ಬೀಳಲು ಅಷ್ಟು ಧಾರಾಳವಾಗಿ ಸಾಕು.

ಆಮ್ಸ್ಟೆಲ್‌ವೀನಿನ ಬೋವೆನ್‌ಕೆರ್ಕರ್‌ಪೋಲ್ಡರ್‌ನಂತಹ, ಸಮುದ್ರಮಟ್ಟಕ್ಕಿಂತ ಕೆಳಗಿರುವ ಜಮೀನುಗಳಲ್ಲಿ ಮಳೆನೀರು ಕಾಲುವೆಗಳಲ್ಲಿ ಹರಿದು ಪಂಪುಮನೆಯನ್ನು ಸೇರುತ್ತದೆ. ಕಿರಿದಾದ ಒಂದೇ ಕಾಲುವೆಗೆ ಹೆಚ್ಚು ನೀರು ನುಗ್ಗಿದರೆ ಅದರ ಮೇಲ್ತುದಿಯಲ್ಲಿ ಮಟ್ಟ ಏರಿ, ಆ ತುದಿಯನ್ನು ಆಶ್ರಯಿಸಿದ ಗದ್ದೆಗಳೆಲ್ಲ ಅದನ್ನು ಅನುಭವಿಸುತ್ತವೆ. ಗ್ರೌಂಡಿನ ತಂತಿಯಲ್ಲಿ ನಡೆಯುವುದೂ ಇದೇ. ಆದುದರಿಂದ ಎರಡು ಕೆಪಾಸಿಟರುಗಳ ನಡುವಿನ ಸಂಪರ್ಕವನ್ನು ಆದಷ್ಟು ಗಿಡ್ಡವಾಗಿ, ದಪ್ಪವಾಗಿ ಮಾಡಿ, ಅಲ್ಲಿಂದ ತುಸು ದೂರದಲ್ಲಿ ಒಂದೇ ಬಿಂದುವನ್ನು ಗೊತ್ತುಮಾಡಿ, ಸ್ಪೀಕರಿನಿಂದ ಮರಳುವ ತಂತಿ, ಐಸಿಯ ತಂತಿ, ಸಂಕೇತದ ತಂತಿ ಎಲ್ಲವನ್ನೂ ಬೇರೆಬೇರೆಯಾಗಿ ಅಲ್ಲಿಗೆ ತರಬೇಕು. ಇದಕ್ಕೆ ಸ್ಟಾರ್ ಗ್ರೌಂಡ್ ಎನ್ನುತ್ತಾರೆ. ಹೊಸ ಕೆಪಾಸಿಟರಿಗೆ ಹಣ ಚೆಲ್ಲುವ ಮೊದಲು ಈ ಕೆಲಸಕ್ಕೆ ಒಂದು ಸಂಜೆಯನ್ನು ಕೊಡುವುದು ಎಷ್ಟೋ ಮೇಲು.

ಮೊದಲ ಬಾರಿ ವಿದ್ಯುತ್ ಕೊಡುವಾಗ ಫೇಸ್ ತಂತಿಯಲ್ಲಿ ಒಂದು ಬಲ್ಬನ್ನು ಸರಣಿಯಾಗಿ ಸೇರಿಸಬೇಕು. ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿದು ಐಸಿ ಉಳಿಯುತ್ತದೆ. ಎಲ್ಲ ಸರಿಯಿದ್ದರೆ ಅದು ಒಮ್ಮೆ ಮಿನುಗಿ ಮಂಕಾಗುತ್ತದೆ. ಈ ಕೆಲಸಕ್ಕೆ ಹಳೆಯ ತಂತುವಿನ ಬಲ್ಬೇ ಬೇಕು, ಎಲ್‌ಇಡಿ ನಡೆಯುವುದಿಲ್ಲ. ಯೂರೋಪಿನಲ್ಲಿ 2009ರಿಂದ ಅಂಥ ಬಲ್ಬುಗಳನ್ನು ಹಂತಹಂತವಾಗಿ ತೆಗೆದುಹಾಕಿದ್ದರಿಂದ, ಈಗಲೂ ಮಾರಾಟದಲ್ಲಿರುವ ಓವನ್ನಿನ 40 ವಾಟ್ ಬಲ್ಬು ಅಲ್ಲಿ ಒದಗಿಬರುತ್ತದೆ. ಆಮೇಲೆ ಸ್ಪೀಕರನ್ನು ಜೋಡಿಸದೆಯೇ ಹೊರದಾರಿಯ ನೇರ ವೋಲ್ಟೇಜನ್ನು ಮಲ್ಟಿಮೀಟರಿನಲ್ಲಿ ಅಳೆಯಬೇಕು. ಕೆಲವು ಹತ್ತು ಮಿಲಿವೋಲ್ಟುಗಳ ಒಳಗಿದ್ದರೆ ಚಿಂತೆಯಿಲ್ಲ. 30 ವೋಲ್ಟ್ ತೋರಿಸಿದರೆ ಐಸಿ ಹೋಗಿದೆ ಅಥವಾ ಬೆಸುಗೆ ತಪ್ಪಿದೆ, ಆ ಸ್ಥಿತಿಯಲ್ಲಿ ಜೋಡಿಸಿದ ಸ್ಪೀಕರಿನ 6 ಓಮ್ ಸುರುಳಿಗೆ 150 ವಾಟ್ ಬಿದ್ದು ಅದು ಕ್ಷಣಗಳಲ್ಲಿ ಸುಟ್ಟುಹೋಗುತ್ತದೆ. ವೋಲ್ಟೇಜುಗಳೆಲ್ಲ ಸರಿಯಿದ್ದೂ ದನಿಯೇ ಬಾರದಿದ್ದರೆ ಐಸಿಯ ಎಂಟನೆಯ ಕಾಲನ್ನು ನೋಡಬೇಕು: ಅದು ದನಿ ಮುಚ್ಚುವ ಮ್ಯೂಟ್ ಕಾಲು, ಅಲ್ಲಿಂದ ಋಣ ವೋಲ್ಟೇಜಿನ ಕಡೆಗೆ ಅರ್ಧ ಮಿಲಿಆಂಪಿಯರ್ ಹರಿಯದಿದ್ದರೆ ಐಸಿ ಮೌನವಾಗಿಯೇ ಇರುತ್ತದೆ.

ಸಂಗೀತವಿಲ್ಲದಿದ್ದರೂ, ಐಸಿಯ ಬಿಸಿಯನ್ನು ಹೊರಹಾಕುವ ಲೋಹದ ಹೀಟ್ ಸಿಂಕ್ ಸುಡುತ್ತಿದ್ದರೆ ಐಸಿಯು ಕಿವಿಗೆ ಕೇಳದ ಎತ್ತರದ ಆವರ್ತನದಲ್ಲಿ ತಾನೇ ಕಂಪಿಸುತ್ತಿದೆ ಎಂದು ಶಂಕಿಸಬೇಕು. ಹೊರಬಂದ ಸಂಕೇತದ ಒಂದಂಶವನ್ನು ಒಳದಾರಿಗೆ ಮರಳಿಸಿ ತಪ್ಪು ತಿದ್ದುವ ಋಣ ಹಿಮ್ಮಾಹಿತಿ, 1927ರಲ್ಲಿ ಹೆರಾಲ್ಡ್ ಬ್ಲಾಕ್ ಕಂಡುಕೊಂಡ ಉಪಾಯ, ತಡವಾಗಿ ಮರಳಿದರೆ ತಿದ್ದುವ ಬದಲು ತಪ್ಪನ್ನೇ ಬೆಳೆಸುತ್ತದೆ. ಎಲ್‌ಎಂ3886ರ ವರ್ಧನೆಯನ್ನು ಹತ್ತು ಪಟ್ಟಿಗಿಂತ ಕಡಿಮೆ ಇಟ್ಟರೂ, ಐಸಿಯ ಕಾಲುಗಳಿಗೆ ಅಂಟಿದಂತಿರಬೇಕಾದ 0.1 ಮೈಕ್ರೊಫ್ಯಾರಡ್ ಕೆಪಾಸಿಟರುಗಳನ್ನು ದೂರದಲ್ಲಿ ಹಾಕಿದರೂ ಹೀಗಾಗುತ್ತದೆ.

ಉಳಿಯುವುದು ಗುಂಯ್ ಎಂಬ ಸದ್ದಿನ ಬಗೆಗಳು. ಕರ್ಕಶವಾದ 100 ಹರ್ಟ್ಸಿನ ಸದ್ದಾದರೆ ಪವರ್ ಸಪ್ಲೈ ಅಥವಾ ಈಗ ಹೇಳಿದ ಗ್ರೌಂಡಿನ ತಪ್ಪು. ಮೆದುವಾದ 50 ಹರ್ಟ್ಸಾದರೆ ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರ ಅಥವಾ ಪೆಟ್ಟಿಗೆಯ ಹೊರಗಿನ ಅರ್ಥ್ ಲೂಪು. ಒಳದಾರಿಯ ತಂತಿಯನ್ನು ಕಿತ್ತಾಗ ಸದ್ದು ನಿಂತರೆ ಅದು ಹೊರಗಿನದು. ನೆದರ್‌ಲ್ಯಾಂಡ್ಸಿನಲ್ಲಿ ಕೇಬಲ್ ಟಿವಿ ಬಹು ಹಿಂದಿನಿಂದಲೇ ಮನೆಮನೆಗೂ ಹಬ್ಬಿರುವುದರಿಂದ, ಟಿವಿಯ ಕೇಬಲ್ಲಿನ ಹೊರಕವಚದ ಮೂಲಕ ಒಂದು ಅರ್ಥ್, ಸಾಕೆಟ್ಟಿನ ಮೂಲಕ ಇನ್ನೊಂದು ಅರ್ಥ್ ಬಂದು, ಎರಡೂ ಸೇರಿ ದೊಡ್ಡ ಲೂಪಾಗುವುದು ಸಾಮಾನ್ಯ. ಆಗ ಆಂಪ್ಲಿಫೈಯರಿನ ಅರ್ಥ್ ತಂತಿಯನ್ನು ಕಿತ್ತರೆ ಸದ್ದು ನಿಲ್ಲುತ್ತದೆ, ಆದರೆ ಟ್ರಾನ್ಸ್‌ಫಾರ್ಮರಿನ ಅವಾಹಕ ಹೊದಿಕೆ ಹದಗೆಟ್ಟ ದಿನ ಆ ಲೋಹದ ಪೆಟ್ಟಿಗೆಯೇ 230 ವೋಲ್ಟಿಗೆ ಏರುತ್ತದೆ. ಮಾಡಬೇಕಾದದ್ದು, ಟಿವಿ ಕೇಬಲ್ಲಿನ ದಾರಿಯಲ್ಲಿ ಲೋಹದ ನೇರ ಸಂಪರ್ಕವನ್ನು ಕಡಿಯುವ ಐಸೊಲೇಟರನ್ನು ಇಟ್ಟು, ಪೆಟ್ಟಿಗೆಯ ಅರ್ಥನ್ನು ಇದ್ದಲ್ಲಿಯೇ ಉಳಿಸಿಕೊಳ್ಳುವುದು.