ಹಳೇ ಚರ್ಚಿನವರು, ಪ್ರಾರ್ಥನಾ ಮನೆಯವರು: ಇವರ ನಡುವೆ ಫರಕ್ ಏನು?

ಘೋಣಸಗಿ: ಹೋದ ಡಿಸೆಂಬರ್‌ನಲ್ಲಿ ತಿಕೋಟಾದ ಒಂದು ಬಳೆ ಅಂಗಡಿ ಕಟ್ಟೆ ಮೇಲೆ ಕೂತಿದ್ದೆ. ಅಂಗಡಿಯ ಅಕ್ಕ ಒಂದು ಪ್ರಶ್ನೆ ಕೇಳಿದರು. ಒಂದು ಕ್ರಿಶ್ಚಿಯನ್ ಮನೆಯ ಅತ್ತೆ ಹಬ್ಬ ಅಂತ ಬಂದು ಕೈತುಂಬ ಬಳೆ ಇಡಿಸಿಕೊಂಡು ಹೋದರಂತೆ. ಜತೆಗೆ ಬಂದ ಸೊಸೆ ಮಾತ್ರ "ನಾವು ಬಳಿ ಹಾಕಂಗಿಲ್ರಿ, ಕ್ರಿಸ್‌ಮಸ್ಸೂ ಮಾಡಂಗಿಲ್ಲ" ಅಂದಳಂತೆ. "ಅಲ್ಲೋ ತಮ್ಮಾ, ಇವರದು ಒಂದs ದೇವರಲ್ಲೇನು?" ಅಂತ ಅಕ್ಕನ ಪ್ರಶ್ನೆ.

ದೇವರು ಒಂದೇ, ಸಭೆ ಬೇರೆ. ಅಷ್ಟು ಹೇಳಿ ಎದ್ದು ಬಂದೆ. ಆದರೆ ಆ ಉತ್ತರ ನನಗೇ ಸಾಕಾಗಲಿಲ್ಲ. ನಮ್ಮ ಕಡೆ ಕ್ರೈಸ್ತರು ಬಹಳ ಕಮ್ಮಿ. 2011ರ ಜನಗಣತಿ ಪ್ರಕಾರ ಇಡೀ ಕರ್ನಾಟಕದಲ್ಲೇ ಅವರು ನೂರಕ್ಕೆ 1.87, ಅಂದರೆ ಸುಮಾರು 11 ಲಕ್ಷ. ಅದರಲ್ಲೂ ಹೆಚ್ಚಿನವರು ಬೆಂಗಳೂರು, ಮಂಗಳೂರು ಕಡೆ. ಹಿಂಗಾಗಿ ನಮಗೆ ಎಲ್ಲರೂ 'ಚರ್ಚಿನವರು'. ಒಳಗೆ ನೋಡಿದರೆ ನಮ್ಮಲ್ಲಿ ಮಠಕ್ಕೆ ಮಠ ಬೇರೆ ಇದ್ದಂಗೆ ಅಲ್ಲೂ ಇದೆ.

ಮೊದಲು ಹಳಬರ ಕಥೆ. ನಮ್ಮ ಭಾಗದ ಹಳೇ ಪ್ರಾಟೆಸ್ಟೆಂಟ್ ಕುಟುಂಬಗಳ ಬೇರು ಬಾಸೆಲ್ ಮಿಷನ್‌ನಲ್ಲಿದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಸಂಸ್ಥೆ ಇದು. ಬಂದವರಲ್ಲಿ ಹೆಚ್ಚಿನವರು ಜರ್ಮನ್ನರು. 1834ರಲ್ಲಿ ಮಂಗಳೂರಿಗೆ ಇಳಿದರು, 1837ಕ್ಕೆ ಧಾರವಾಡ, 1839ಕ್ಕೆ ಹುಬ್ಬಳ್ಳಿ, ಆಮೇಲೆ ಬೆಟಗೇರಿ, 1851ರಲ್ಲಿ ಗುಳೇದಗುಡ್ಡ. ವಿಜಾಪುರಕ್ಕೆ ಬಂದದ್ದು ತಡವಾಗಿ, 1880ರ ದಶಕದಲ್ಲಿ. ಕನ್ನಡ ನಿಘಂಟು ಮಾಡಿದ ಕಿಟೆಲ್ ಸಾಹೇಬರು ಇದೇ ಮಿಷನ್ನಿನವರು. ಅವರು ಯೇಸುವಿನ ಕಥೆಯನ್ನು ನಮ್ಮ ಷಟ್ಪದಿಯಂಥ ಛಂದಸ್ಸುಗಳಲ್ಲಿ ಬರೆದು 1862ರಲ್ಲಿ 'ಕಥಾಮಾಲೆ' ಅಂತ ಹೊರತಂದರು. ಇವತ್ತು 'ಹಳೇ ಪದ್ಧತಿ' ಅನ್ನಿಸಿಕೊಂಡಿದ್ದು ಆ ಕಾಲಕ್ಕೆ ಹೊಸದೇ ಆಗಿತ್ತು ನೋಡ್ರಿ.

1914ರಲ್ಲಿ ಮಹಾಯುದ್ಧ ಶುರುವಾಗಿ ಬ್ರಿಟಿಷರು ಜರ್ಮನ್ ಪಾದ್ರಿಗಳನ್ನು ಹಿಡಿದು ಕೂಡಿಹಾಕಿದರು, ಮಿಷನ್ನಿನ ಕಾರ್ಖಾನೆಗಳೂ ಕೈತಪ್ಪಿದವು. ಮುಂದೆ ಸಭೆಗಳನ್ನು ಇಲ್ಲಿಯವರೇ ನಡೆಸಬೇಕಾಯಿತು. ಆಂಗ್ಲಿಕನ್, ಮೆಥಡಿಸ್ಟ್ ಹೀಗೆ ಹಲವು ಸಭೆ ಕೂಡಿ 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಇಂಡಿಯಾ ಸಭೆ, ಅಂದರೆ ಸಿಎಸ್‌ಐ ಹುಟ್ಟಿತು. ನಮ್ಮ ಕಡೆಯ ಬಾಸೆಲ್ ಸಭೆಗಳು ಆಮೇಲೆ ಅದರೊಳಗೆ ಸೇರಿದವು. ಈಗ ಇವುಗಳ ಬಿಷಪ್ ಕೂಡುವುದು ಧಾರವಾಡದಲ್ಲಿ. ಕ್ಯಾಥೊಲಿಕರದು ಬೇರೆ ವ್ಯವಸ್ಥೆ, ಅವರಿಗೆ ರೋಮಿನ ಪೋಪ್ ಹಿರಿಯರು. ಬೆಳಗಾವಿ, ಬೀದರ ಕಡೆ ಮೆಥಡಿಸ್ಟರು ಜಾಸ್ತಿ.

ಇನ್ನು ಪ್ರಾರ್ಥನಾ ಮನೆಯವರು. ಪೆಂಟೆಕೊಸ್ಟ್ ಸಭೆ, ಸ್ವತಂತ್ರ ಸಭೆ ಅಂತ ಇವರಿಗೆ ಹೆಸರು ಹಲವು. ಗೋಪುರ ಇರಲ್ಲ, ಗಂಟೆ ಇರಲ್ಲ. ಬಾಡಿಗೆ ಹಾಲ್, ಪತ್ರಾಸ್ ಶೆಡ್ಡು, ಇಲ್ಲಾ ಯಾರದೋ ಮನೆ ಪಡಸಾಲೆ. ಕೀಬೋರ್ಡು, ಚಪ್ಪಾಳೆ, ಎಲ್ಲರೂ ಒಮ್ಮೆಗೇ ಗಟ್ಟಿಯಾಗಿ ಪ್ರಾರ್ಥನೆ. ಕೆಲವರು ಯಾರಿಗೂ ತಿಳಿಯದ ಮಾತು ಆಡುತ್ತಾರೆ, ಅದಕ್ಕೆ 'ಅನ್ಯಭಾಷೆ' ಅಂತಾರೆ. ಪವಿತ್ರಾತ್ಮ ಇಳಿದ ಗುರುತು ಅಂತ ಅವರ ನಂಬಿಕೆ.

ಇದು ಅಮೆರಿಕದಿಂದ ರೊಕ್ಕದ ಜತೆ ಬಂದ ಹೊಸ ಫ್ಯಾಶನ್ ಅಂತ ಹೊರಗಿನವರೂ ಹೇಳುತ್ತಾರೆ, ಹಳೇ ಚರ್ಚಿನ ಕೆಲವರೂ ಹೇಳುತ್ತಾರೆ. ಪೂರ್ತಿ ಖರೆ ಅಲ್ಲ. ಅಮೆರಿಕದ ಲಾಸ್ ಏಂಜಲಿಸ್‌ನ ಅಜುಸಾ ಬೀದಿಯಲ್ಲಿ ಈ ಚಳವಳಿ ಎದ್ದದ್ದು 1906ರ ಏಪ್ರಿಲ್‌ನಲ್ಲಿ. ಅದಕ್ಕೂ ಒಂದು ವರ್ಷ ಮೊದಲು, 1905ರಲ್ಲಿ, ಇಂಥದೇ ಜೋರು ಪ್ರಾರ್ಥನೆ ಎದ್ದದ್ದು ಕೇಡಗಾಂವ್‌ನಲ್ಲಿ. ನಾವು ಸೊಲ್ಲಾಪುರದಿಂದ ಪುಣೆಗೆ ರೈಲಿನಲ್ಲಿ ಹೋಗುವಾಗ ದೌಂಡ್ ದಾಟಿದ ಮೇಲೆ ಬರುತ್ತಲ್ಲ, ಅದೇ ಊರು. ಅಲ್ಲಿ ಪಂಡಿತಾ ರಮಾಬಾಯಿ ಅವರ ಮುಕ್ತಿ ಮಿಷನ್ ಇತ್ತು. ಬರಗಾಲದಲ್ಲಿ ಅನಾಥರಾದ ಹುಡುಗಿಯರು, ವಿಧವೆಯರು ಅಲ್ಲಿದ್ದರು. ರಮಾಬಾಯಿ ಹುಟ್ಟಿದ್ದು 1858ರಲ್ಲಿ ನಮ್ಮ ಕರ್ನಾಟಕದ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ, ಸಂಸ್ಕೃತ ಪಂಡಿತರ ಮಗಳಾಗಿ. ಇಷ್ಟು ಹತ್ತಿರದ ಕಥೆ ನನಗೆ ಯಾವ ಶಾಲೆಯಲ್ಲೂ ಯಾರೂ ಹೇಳಿರಲಿಲ್ಲ. (ಡಿಗ್ರಿ ಪೂರ್ತಿ ಮಾಡಿದ್ದರೆ ಹೇಳುತ್ತಿದ್ದರೋ ಏನೋ.)

ಎರಡೂ ಕಡೆಯವರ ಖರೇ ಜಗಳ ಹಾಡಿನದಲ್ಲ, ನೀರಿನದು. ಸಿಎಸ್‌ಐ, ಕ್ಯಾಥೊಲಿಕ್, ಮೆಥಡಿಸ್ಟ್ ಸಭೆಗಳಲ್ಲಿ ಕೂಸು ಇದ್ದಾಗಲೇ ತಲೆ ಮೇಲೆ ನೀರು ಹಾಕಿ ದೀಕ್ಷಾಸ್ನಾನ ಕೊಡುತ್ತಾರೆ, ಸಭೆಯ ರಿಜಿಸ್ಟರ್‌ನಲ್ಲಿ ಹೆಸರು ಬರೆಯುತ್ತಾರೆ. ಪ್ರಾರ್ಥನಾ ಮನೆಯವರು ಇದನ್ನು ಒಪ್ಪಲ್ಲ. ಬುದ್ಧಿ ಬಂದ ಮೇಲೆ ತಾನೇ ನಂಬಿ, ಬಾವಿಯಲ್ಲೋ ಕೆರೆಯಲ್ಲೋ ಪೂರ್ತಿ ಮುಳುಗಿ ಏಳಬೇಕು ಅಂತಾರೆ. ಇಬ್ಬರೂ ತೋರಿಸುವುದು ಒಂದೇ ಬೈಬಲ್ಲು. ಅಪೊಸ್ತಲರ ಕೃತ್ಯಗಳು 16ನೇ ಅಧ್ಯಾಯದಲ್ಲಿ ಫಿಲಿಪ್ಪಿ ಊರಿನ ಸೆರೆಮನೆ ಅಧಿಕಾರಿ ಮನೆಮಂದಿ ಸಮೇತ ದೀಕ್ಷಾಸ್ನಾನ ತಗೊಂಡ ಕಥೆ ಇದೆ. ಮನೆಮಂದಿ ಅಂದಮೇಲೆ ಕೂಸುಗಳೂ ಬಂದವು ಅಂತ ಹಳಬರು. ಮೊದಲು ನಂಬಿದರು, ಆಮೇಲೆ ನೀರಿಗೆ ಇಳಿದರು ಅಂತ ಹೊಸಬರು.

ಸೊಸೆ ಎರಡನೇ ಸಲ ದೀಕ್ಷಾಸ್ನಾನ ತಗೊಂಡಳು ಅಂದರೆ ಅತ್ತೆಗೆ ಅದು ಹೆಂಗ ಕೇಳಿಸುತ್ತದೆ ಯೋಚನೆ ಮಾಡ್ರಿ. ನಿಮ್ಮ ಅಜ್ಜ ಮುತ್ತಜ್ಜರು ಮಾಡಿದ್ದೆಲ್ಲ ಲೆಕ್ಕಕ್ಕಿಲ್ಲ ಅಂದಂಗೆ. ಈ ಜಗಳ ಬಹಳ ಹಳೇದು. ಬಾಸೆಲ್ ಮಿಷನ್ನಿನ ತವರು ಸ್ವಿಟ್ಜರ್ಲೆಂಡಿನಲ್ಲೇ, ಜೂರಿಕ್ ಪಟ್ಟಣದಲ್ಲಿ, ದೊಡ್ಡವರಿಗೆ ಮತ್ತೆ ದೀಕ್ಷಾಸ್ನಾನ ಕೊಟ್ಟ ತಪ್ಪಿಗೆ ಫೆಲಿಕ್ಸ್ ಮಾಂಟ್ಸ್ ಎಂಬಾತನನ್ನು 1527ರ ಜನವರಿಯಲ್ಲಿ ಹೊಳೆಯಲ್ಲಿ ಮುಳುಗಿಸಿ ಕೊಂದಿದ್ದರು. ಶಿಕ್ಷೆ ಕೊಟ್ಟವರೂ ಪ್ರಾಟೆಸ್ಟೆಂಟರೇ.

ರೋಗದ ವಿಷಯದಲ್ಲೂ ಫರಕ್ ಇದೆ. ಹಳೇ ಸಭೆಯವರು ಪ್ರಾರ್ಥನೆ ಮಾಡಿ ಬೆಟಗೇರಿಯ 'ಜರ್ಮನ್ ಆಸ್ಪತ್ರೆ'ಗೆ ಕರೆದುಕೊಂಡು ಹೋಗುತ್ತಿದ್ದರು, ಅದನ್ನು ಕಟ್ಟಿದ್ದೇ ಅವರ ಮಿಷನ್ನು. ಪ್ರಾರ್ಥನಾ ಮನೆಗಳಲ್ಲಿ ಕೈಯಿಟ್ಟು ಪ್ರಾರ್ಥಿಸುವುದೇ ಮುಖ್ಯ. ಔಷಧ ಬೇಡ ಅನ್ನುವ ಪಂಗಡ ಕೆಲವು ಇವೆ, ಆದರೆ ಹೆಚ್ಚಿನವರು ಗುಳಿಗೆನೂ ತಗೊಳ್ಳುತ್ತಾರೆ. ಗುಳಿಗೆ ಬಿಡಿಸುವ ಪಾಸ್ಟರ್ ಯಾರೇ ಇರಲಿ, ಅದು ತಪ್ಪು ಅಂತ ನನ್ನ ಅಭಿಪ್ರಾಯ. ಹಂಗಂತ ಜನ ಯಾಕೆ ಅಲ್ಲಿಗೆ ಹೋಗುತ್ತಾರೆ ಅನ್ನುವುದೂ ನೋಡಬೇಕು. ಗಂಡನ ಕುಡಿತ, ಸಾಲ, ಮಕ್ಕಳಾಗದ್ದು, ಇವನ್ನೆಲ್ಲ ಹೆಸರು ಹಿಡಿದು ಕೇಳಿ, ಮನೆಗೇ ಬಂದು ಪ್ರಾರ್ಥಿಸುವವರು ಅಲ್ಲಿ ಸಿಗುತ್ತಾರೆ. ದೊಡ್ಡ ಚರ್ಚಿನ ಪಾದ್ರಿಗೆ ವರ್ಗಾವಣೆ ಇರುತ್ತದೆ, ನಾಲ್ಕಾರು ಊರು ನೋಡಬೇಕಾಗುತ್ತದೆ. ಆದರೆ ಆ ಪಾದ್ರಿ ಲೆಕ್ಕಪತ್ರವನ್ನು ಸಭೆಯ ಕಮಿಟಿ ಮುಂದೆ ಇಡಬೇಕು. ಸ್ವತಂತ್ರ ಪಾಸ್ಟರ್‌ಗೆ ಕೇಳುವವರು ಕಮ್ಮಿ. ದುಡಿದದ್ದರಲ್ಲಿ ಹತ್ತರಲ್ಲೊಂದು ಪಾಲು, ಅಂದರೆ ದಶಮಾಂಶ, ನೇರ ಅವರ ಕೈಗೆ ಹೋಗುವುದೂ ಉಂಟು. ಹಳಬರ ದೊಡ್ಡ ತಕರಾರು ಇದೇ.

ಕಾಗದಪತ್ರದ ಮಾತು ಇನ್ನೂ ಸೂಕ್ಷ್ಮ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯವರು ಕ್ರೈಸ್ತರಾದರೆ ಎಸ್‌ಸಿ ಸ್ಥಾನ ಹೋಗುತ್ತದೆ. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಸ್ಥಾನ ಸಿಕ್ಕಿತು. ಕ್ರೈಸ್ತರಿಗೆ, ಮುಸ್ಲಿಮರಿಗೆ ಇಲ್ಲ. ಕರ್ನಾಟಕದಲ್ಲಿ ಅಂಥವರು ಹಿಂದುಳಿದ ವರ್ಗದ ಪ್ರವರ್ಗ 1ರಲ್ಲಿ ಬರುತ್ತಾರೆ. 2024ರ ನವೆಂಬರ್‌ನಲ್ಲಿ ಪುದುಚೇರಿಯ ಮಹಿಳೆಯೊಬ್ಬರ ಪ್ರಕರಣದಲ್ಲಿ, ದೀಕ್ಷಾಸ್ನಾನ ಪಡೆದು ಚರ್ಚಿಗೆ ಹೋಗುತ್ತಾ ಎಸ್‌ಸಿ ಸೌಲಭ್ಯ ಕೇಳುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ಹಿಂಗಾಗಿ ಪ್ರಾರ್ಥನೆಗೆ ಬರುವ ಎಷ್ಟೋ ಜನ ನೀರಿಗೆ ಇಳಿಯಲ್ಲ, ಯಾವ ರಿಜಿಸ್ಟರ್‌ನಲ್ಲೂ ಹೆಸರು ಬರೆಸಲ್ಲ. ಹಳೇ ಸಭೆಯವರಿಗೆ ಇದು ನುಂಗಲಾರದ ತುತ್ತು. ನಮ್ಮ ಹಿರಿಯರು ಸೌಲಭ್ಯ ಕಳಕೊಂಡೂ ಹೆಸರು ಉಳಿಸಿಕೊಂಡರು, ಇವರು ಎರಡೂ ಕಡೆ ಕಾಲಿಡುತ್ತಾರೆ ಅಂತಾರೆ. ನಂಬಿಕೆ ಮನಸ್ಸಿನಲ್ಲಿ ಇರುತ್ತದೆ, ತಹಶೀಲ್ದಾರ್ ಕಚೇರಿಯಲ್ಲಲ್ಲ ಅಂತ ಇವರ ಉತ್ತರ. ಅಲ್ಲಿಲ್ಲದವರು ನಾವು ಸಲೀಸಾಗಿ ತೀರ್ಪು ಕೊಡಬಹುದು, ಮಗಳ ಸ್ಕಾಲರ್‌ಶಿಪ್ ನಿಂತಿರುವುದು ಅವರ ಮನೆಯಲ್ಲಿ.

ಕಡೆಗೆ ಮಣ್ಣಿನ ಪ್ರಶ್ನೆ. ಹಳೇ ಸಭೆಗೆ ಸ್ವಂತ ಸ್ಮಶಾನ ಇರುತ್ತದೆ, ರಿಜಿಸ್ಟರ್‌ನಲ್ಲಿ ಹೆಸರಿದ್ದು ವಂತಿಗೆ ಕೊಟ್ಟವರಿಗೆ ಅಲ್ಲಿ ಜಾಗ. ಬಾಡಿಗೆ ಹಾಲಿನ ಸಭೆಗೆ ಆರಡಿ ನೆಲವೂ ಇರಲ್ಲ. ಸತ್ತಾಗ ಹಳೇ ಚರ್ಚಿನ ಹಿರಿಯರ ಮನೆ ಬಾಗಿಲಿಗೇ ಬರಬೇಕು. ಆಗ ಹಳೇ ಬಾಕಿ, ಹಳೇ ಸಿಟ್ಟು ಎಲ್ಲಾ ಹೊರಗೆ ಬರುತ್ತದೆ. ಊರವರೂ ಬೇಡ ಅಂದರೆ ಏನಾಗುತ್ತದೆ ಅಂತ ಛತ್ತೀಸಗಡದ ಬಸ್ತರ್‌ನಲ್ಲಿ ಕಂಡಿತು. 2025ರ ಜನವರಿಯಲ್ಲಿ ಅಲ್ಲಿ ತೀರಿಕೊಂಡ ಒಬ್ಬ ಪಾಸ್ಟರ್ ಶವ ಸುಮಾರು 20 ದಿನ ಶವಾಗಾರದಲ್ಲೇ ಇತ್ತು. ಊರಲ್ಲೇ ಹೂಳುತ್ತೇನೆ ಅಂತ ಮಗ ಸುಪ್ರೀಂ ಕೋರ್ಟಿಗೆ ಹೋದ. ಇಬ್ಬರು ನ್ಯಾಯಮೂರ್ತಿಗಳ ಅಭಿಪ್ರಾಯ ಬೇರೆಬೇರೆ ಆಯಿತು. ಕಡೆಗೆ 20 ಕಿಲೋಮೀಟರ್‌ಗೂ ಹೆಚ್ಚು ದೂರದ ಕ್ರೈಸ್ತ ಸ್ಮಶಾನದಲ್ಲಿ ಹೂಳಲು ಹೇಳಿದರು.

ನಮ್ಮ ಕಡೆ ಅಂಥದು ಆಗುವ ಮೊದಲೇ ಎರಡೂ ಸಭೆಯವರು ಕೂಡಿ ಸ್ಮಶಾನದ ಜಾಗಕ್ಕೆ ತಾಲೂಕು ಕಚೇರಿಗೆ ಅರ್ಜಿ ಹಾಕುವುದು ಒಳ್ಳೇದು. ಅರ್ಜಿಯಲ್ಲಿ ಅತ್ತೆ ಹೆಸರೂ ಇರಲಿ, ಸೊಸೆ ಹೆಸರೂ ಇರಲಿ. ಬಳೆ ಅಂಗಡಿ ಅಕ್ಕನಿಗೆ ಇದನ್ನೆಲ್ಲ ಮೊನ್ನೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ಆ ಸೊಸೆ ಮತ್ತೆ ಬಂದಿದ್ದಳು, ಕೂಸಿಗೆ ಕರಿ ಬಳಿ ತಗೊಂಡು ಹೋದಳು ಅಂದರು.