ಸಕಲೇಶಪುರವಿಲ್ಲದ ಘಾಟಿ

ಶಿರಾಡಿ ಘಾಟಿ ಹತ್ತುವ ಲಾರಿ ಎಷ್ಟೇ ಏದುಸಿರು ಬಿಟ್ಟರೂ ಸಕಲೇಶಪುರ ಮುಟ್ಟಿದ ಮೇಲೆ ಅದಕ್ಕೊಂದು ಬಿಡುವು ಸಿಗುತ್ತದೆ. ವೇಗದ ದೋಣಿಗೆ ಆ ಭಾಗ್ಯವಿಲ್ಲ. ಥ್ರಾಟಲ್ ಸಡಿಲಿಸಿದರೆ ದೋಣಿ ನೀರಿನಲ್ಲಿ ಕುಳಿತೇಬಿಡುತ್ತದೆ. ಓಡುವಷ್ಟು ಹೊತ್ತೂ ಅದಕ್ಕೆ ಘಾಟಿಯೇ.

ಮಲ್ಪೆಯ ಟ್ರಾಲ್ ಬೋಟುಗಳದ್ದು ಡೀಸೆಲ್ ಎಂಜಿನ್, ಅಲ್ಲಿ ಸ್ಪಾರ್ಕ್ ಪ್ಲಗ್ಗಿನ ಮಾತೇ ಇಲ್ಲ. ಇಲ್ಲಿ ಹೇಳುತ್ತಿರುವುದು ಸೂಪರ್‌ಚಾರ್ಜರ್ ಹೊತ್ತ ಪೆಟ್ರೋಲ್ ಎಂಜಿನ್‌ಗಳ ಕಥೆ. ಸೂಪರ್‌ಚಾರ್ಜರ್ ಎಂದರೆ ಗಾಳಿಯನ್ನು ಸಿಲಿಂಡರಿಗೆ ಒತ್ತಿ ತುಂಬುವ ಪಂಪು. ಗಾಳಿ ಹೆಚ್ಚಾದಂತೆ ಪೆಟ್ರೋಲೂ ಹೆಚ್ಚು ಬೇಕು, ಬೆಂಕಿಯೂ ಹೆಚ್ಚು. ಆ ಬೆಂಕಿಯ ನಡುವೆ ಮೂಗು ಚಾಚಿ ಕೂತಿರುವುದು ಪ್ಲಗ್.

ಕಿಡಿ ಹಾರಿಸಿದರೆ ಪ್ಲಗ್ಗಿನ ಕೆಲಸ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ಬಿಸಿಯನ್ನು ಹೊರಗೆ ಸಾಗಿಸುವುದು ಅಷ್ಟೇ ದೊಡ್ಡ ಕೆಲಸ. ತುದಿಯ ಬಿಸಿ ಸುಮಾರು 450 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದರೆ ಮಸಿ ಸುಟ್ಟುಹೋಗದೆ ಅಂಟಿಕೊಳ್ಳುತ್ತದೆ. ಸುಮಾರು 850 ದಾಟಿದರೆ ತುದಿಯೇ ಕೆಂಡವಾಗಿ, ಕಿಡಿಗೆ ಕಾಯದೆ ಇಂಧನಕ್ಕೆ ಬೆಂಕಿ ಹಚ್ಚುತ್ತದೆ. ಪಿಸ್ಟನ್ ತೂತಾಗಲು ಕೆಲವು ಕ್ಷಣ ಸಾಕು. ಒಳಗಿನ ಪಿಂಗಾಣಿಯ ಮೂಗು ಗಿಡ್ಡವಿದ್ದರೆ ಬಿಸಿ ಬೇಗ ಲೋಹಕ್ಕೆ ಇಳಿಯುತ್ತದೆ, ಅದು ‘ಕೋಲ್ಡ್’ ಪ್ಲಗ್. ಉದ್ದವಿದ್ದರೆ ‘ಹಾಟ್’.

ಹಾಗಾದರೆ ತೀರಾ ಕೋಲ್ಡ್ ಪ್ಲಗ್ ಹಾಕಿಬಿಡಬಹುದಲ್ಲ? ಕಷ್ಟ ಇರುವುದೇ ಇಲ್ಲಿ. ಅದೇ ದೋಣಿ ಬಂದರಿನ ಒಳಗೆ ಅಲೆ ಏಳಿಸದಂತೆ ತೆವಳಬೇಕು. ಆ ಅರ್ಧ ಗಂಟೆಯಲ್ಲಿ ಕೋಲ್ಡ್ ಪ್ಲಗ್ ಮಸಿ ಹಿಡಿದು, ತೆರೆದ ನೀರಿಗೆ ಬಂದಾಗ ಕೈಕೊಡುತ್ತದೆ. ಎಂಜಿನ್‌ನ ಮೂಲ ಪ್ಲಗ್ಗಿಗಿಂತ ಒಂದು ಮೆಟ್ಟಿಲು ಕೋಲ್ಡ್‌ನಿಂದ ಆರಂಭಿಸಿ, ಬೂಸ್ಟ್, ಅಂದರೆ ಪಂಪು ಒತ್ತುವ ಗಾಳಿಯ ಒತ್ತಡ, ತೀರಾ ಹೆಚ್ಚಿದ್ದರಷ್ಟೇ ಎರಡನೆಯದಕ್ಕೆ ಹೋಗುವುದು ನನಗೆ ಸರಿ ಕಾಣುವ ದಾರಿ. ಕಂಪನಿಯಿಂದಲೇ ಸೂಪರ್‌ಚಾರ್ಜರ್ ಹೊತ್ತು ಬಂದ ಎಂಜಿನ್ನಿಗಾದರೆ ಕೈಪಿಡಿ ಹೇಳಿದ್ದೇ ಸರಿ. ಸಂಖ್ಯೆ ಓದುವಾಗ ಮಾತ್ರ ಎಚ್ಚರ: ಎನ್‌ಜಿಕೆಯಲ್ಲಿ ಅಂಕಿ ಏರಿದಷ್ಟೂ ಕೋಲ್ಡ್, ಚಾಂಪಿಯನ್‌ನಲ್ಲಿ ಏರಿದಷ್ಟೂ ಹಾಟ್. ಬ್ರ್ಯಾಂಡ್ ಬದಲಿಸುವವರು ಎಡವುವುದು ಇಲ್ಲೇ.

ಇನ್ನು ಗ್ಯಾಪ್, ಅಂದರೆ ಕಿಡಿ ಹಾರುವ ಸಂದು. ಗಾಳಿ ದಟ್ಟವಾದಷ್ಟೂ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕೆಂಬುದನ್ನು ಜರ್ಮನಿಯ ಫ್ರೀಡ್ರಿಚ್ ಪಾಶೆನ್ 1889ರಲ್ಲೇ ತೋರಿಸಿದ್ದ. ಆದ್ದರಿಂದ ಬೂಸ್ಟ್ ಇರುವಲ್ಲಿ ಗ್ಯಾಪ್ 0.6ರಿಂದ 0.8 ಮಿಲಿಮೀಟರ್‌ಗೆ ಇಳಿಯುತ್ತದೆ. ಪ್ಲಗ್ಗಿನ ಹೆಸರಿನಲ್ಲಿ ರೆಸಿಸ್ಟರಿನ ‘ಆರ್’ ಇರಲೇಬೇಕು, ಇಲ್ಲವಾದರೆ ವಿಎಚ್‌ಎಫ್ ರೇಡಿಯೊದಲ್ಲಿ ಬರೀ ಕರಕರ. ಪ್ಲಗ್ಗಿನ ರಬ್ಬರ್ ಟೋಪಿ ಬಿರುಕು ಬಿಟ್ಟಿದ್ದರೆ ಅಂದೇ ಬದಲಿಸಿ. ದೋಣಿಯ ತಳದಲ್ಲಿ ಪೆಟ್ರೋಲ್ ಆವಿ ನಿಂತಿರಬಹುದು. ಅಲ್ಲಿ ಹೊರಗೆ ಹಾರುವ ಒಂದು ಕಿಡಿ ಜೀವಕ್ಕೇ ಎರವಾದೀತು.

ಈ ಪಾಠಗಳ ಬೇರು ವಿಮಾನದ ಎಂಜಿನ್‌ಗಳಲ್ಲಿದೆ. ಇಂಗ್ಲೆಂಡಿನ ವಿಂಡರ್‌ಮಿಯರ್ ಸರೋವರದಲ್ಲಿ 1930ರ ಜೂನ್ 13ರಂದು ಹೆನ್ರಿ ಸೀಗ್ರೇವ್ ಓಡಿಸಿದ ‘ಮಿಸ್ ಇಂಗ್ಲೆಂಡ್ 2’ ದೋಣಿಗೆ ಎರಡು ರೋಲ್ಸ್-ರಾಯ್ಸ್ ಆರ್ ವಿಮಾನ ಎಂಜಿನ್‌ಗಳು. ಪ್ರತಿಯೊಂದಕ್ಕೂ ಸೂಪರ್‌ಚಾರ್ಜರ್, 12 ಸಿಲಿಂಡರ್, ಸಿಲಿಂಡರಿಗೆ ಎರಡು ಪ್ಲಗ್, ಎರಡೂ ಎಂಜಿನ್ ಸೇರಿ ಒಟ್ಟು 48. ಗಂಟೆಗೆ 98.76 ಮೈಲಿಯ ದಾಖಲೆ ಅವನದಾಯಿತು. ಮುಂದಿನ ಓಟದಲ್ಲಿ ದೋಣಿ ಮಗುಚಿ ಅವನು ತೀರಿಕೊಂಡ.

ಆಯ್ಕೆ ಸರಿಯಾಯಿತೇ ಎಂದು ತಿಳಿಯಲು ಪ್ಲಗ್ಗನ್ನೇ ಕೇಳಬೇಕು. ಪೂರ್ತಿ ವೇಗದಲ್ಲಿ ಓಡಿಸಿ, ಐಡಲಿಗೆ ಬಿಡದೆ ಎಂಜಿನ್ ನಿಲ್ಲಿಸಿ, ಆರಿದ ಮೇಲೆ ಬಿಚ್ಚಿ ಭೂತಗನ್ನಡಿಯಡಿ ಹಿಡಿಯಿರಿ. ಮೇಲಿನಿಂದ ಬಾಗಿದ ಲೋಹದ ಪಟ್ಟಿಯ ಮೇಲೆ ಬಣ್ಣ ಬದಲಾದ ಗೆರೆಯೊಂದು ಕಾಣುತ್ತದೆ. ಅದು ಬಾಗಿನ ಹತ್ತಿರವಿದ್ದರೆ ನೆಮ್ಮದಿ. ತುದಿಗೆ ಸರಿದಿದ್ದರೆ ಪ್ಲಗ್ ತೀರಾ ಕೋಲ್ಡ್, ಬುಡಕ್ಕೆ ಇಳಿದಿದ್ದರೆ ಹಾಟ್. ಬಿಳಿ ಪಿಂಗಾಣಿಯ ಮೇಲೆ ಮೆಣಸಿನ ಪುಡಿ ಉದುರಿಸಿದಂಥ ಚುಕ್ಕಿಗಳು, ನಡುನಡುವೆ ಮಿನುಗುವ ಕಣಗಳು ಕಂಡರೆ ಅದು ಮಸಿಯಲ್ಲ, ಪಿಸ್ಟನ್ನಿನ ಅಲ್ಯೂಮಿನಿಯಂ. ಆಗ ಪ್ಲಗ್ ಬದಲಿಸಿದರೆ ಸಾಲದು. ಬೂಸ್ಟ್ ಇಳಿಸಿ, ಕಿಡಿಯ ಟೈಮಿಂಗ್ ಹಿಂದಕ್ಕೆ ತಂದು, ಪೆಟ್ರೋಲ್ ಸರಿಯಾಗಿ ಬರುತ್ತಿದೆಯೇ ನೋಡುವ ತನಕ ಆ ದೋಣಿ ಜೆಟ್ಟಿ ಬಿಡಬಾರದು.