ಜಡೆಗೂ ಬಣ್ಣಕ್ಕೂ ಕಟ್ಟಿದ ಕತೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ವಿಜಯನಗರ ಜಿಲ್ಲೆಯ ಈ ಐದು ತಾಲೂಕುಗಳ ಹೆಸರು ದೇವದಾಸಿ ಪದ್ಧತಿಯ ಮಾತು ಬಂದಾಗ ಮತ್ತೆ ಮತ್ತೆ ಕೇಳಿಬರುತ್ತದೆ. ಉತ್ತರ ಕರ್ನಾಟಕದಲ್ಲಿ ಬಡ ದಲಿತ ಮನೆಯ ಹೆಣ್ಣುಮಗಳಿಗೆ ಮುತ್ತು ಕಟ್ಟಲು ಹೇಳುತ್ತಿದ್ದ ಕಾರಣಗಳಲ್ಲಿ ‘ಜಡೆ’ಯೂ ಒಂದು. ಎಣ್ಣೆ, ಬಾಚಣಿಗೆ ಕಾಣದ ಕೂದಲು ಗಂಟು ಕಟ್ಟಿದರೆ ಅದು ದೇವಿಯ ಕರೆ ಎಂದರು. ಕತ್ತರಿಸಿದರೆ ಮನೆಗೆ ಕೇಡು ಎಂದು ಹೆದರಿಸಿದರು. ಒಂದು ಕತ್ತರಿಯಲ್ಲಿ ಮುಗಿಯಬೇಕಾದದ್ದು ಹುಡುಗಿಯ ಇಡೀ ಬದುಕನ್ನೇ ತಿಂದುಹಾಕಿತು.

1982ರ ಕಾಯ್ದೆ ಮುತ್ತು ಕಟ್ಟುವುದನ್ನು ನಿಷೇಧಿಸಿತು. ಆದರೂ 1993-94 ಮತ್ತು 2007-08ರ ಸರಕಾರಿ ಸಮೀಕ್ಷೆಗಳಲ್ಲಿ ರಾಜ್ಯದಲ್ಲಿ ಗುರುತಿಸಲಾದ ದೇವದಾಸಿಯರು 46,660 ಮಂದಿ. ಹರಪನಹಳ್ಳಿ ತಾಲೂಕಿನ ಉಚ್ಚಂಗಿದುರ್ಗದಲ್ಲಿ ಭಾರತ ಹುಣ್ಣಿಮೆ ಬಂತೆಂದರೆ ಅಧಿಕಾರಿಗಳೂ ಪೊಲೀಸರೂ ಕಾವಲು ನಿಲ್ಲಬೇಕಾಗುತ್ತದೆ.

ಇದು ಘಟ್ಟದ ಮೇಲಿನವರ ಕತೆ ಎಂದು ಪೇಪರ್ ಮಡಚಿಡುವ ಹಾಗಿಲ್ಲ. ಮಗುವಿನ ಮೈ ಸ್ವಲ್ಪ ಬೇರೆಯಾಗಿ ಕಂಡರೆ ಅದಕ್ಕೊಂದು ಕತೆ ಕಟ್ಟುವ ಚಾಳಿ ಎಲ್ಲ ಕಡೆಯೂ ಇದೆ. ಆಲ್ಬಿನಿಸಂ ಇರುವವರನ್ನೇ ನೋಡಿ. ಇವರ ಚರ್ಮ, ಕೂದಲು, ರೆಪ್ಪೆ ಹುಟ್ಟಿನಿಂದಲೇ ಬಿಳಿಚಿಕೊಂಡಿರುತ್ತದೆ. ಆಫ್ರಿಕಾದ ತಾಂಝಾನಿಯಾ, ಮಲಾವಿಗಳಲ್ಲಿ ಇವರ ಅಂಗಾಂಗದಿಂದ ಮಾಟ ಮಾಡಿದರೆ ಸಂಪತ್ತು ಬರುತ್ತದೆ ಎಂದು ನಂಬಿ ಕೊಂದದ್ದಿದೆ, ಜೀವ ಇರುವಾಗಲೇ ಕೈ ಕಡಿದದ್ದಿದೆ, ಗೋರಿ ಅಗೆದದ್ದೂ ಇದೆ. ಇಂಥ ದಾಳಿಗಳ ಹಿನ್ನೆಲೆಯಲ್ಲಿ ವಿಶ್ವಸಂಸ್ಥೆ 2014ರ ಡಿಸೆಂಬರ್‌ನಲ್ಲಿ ಜೂನ್ 13ನ್ನು ಆಲ್ಬಿನಿಸಂ ಜಾಗೃತಿ ದಿನವೆಂದು ಘೋಷಿಸಿತು.

ನಮ್ಮಲ್ಲಿ ಕತ್ತಿ ಬೇಡ, ನಾಲಿಗೆಯೇ ಸಾಕು. ಶಾಲೆಯಲ್ಲಿ ‘ಬಿಳಿ ಜಿರಳೆ’, ಬೀದಿಯಲ್ಲಿ ‘ಫಾರಿನ್’. ತೊನ್ನು ಇರಬೇಕು, ಅಂಟಿಕೊಂಡರೆ ಎಂದು ದೂರ ಕೂರುವವರು ಬೇರೆ. ಬಸುರಿಯಿದ್ದಾಗ ಉಮ್ಮ ಏನು ತಿಂದಿದ್ದಳೋ ಎಂಬ ಪಿಸುಮಾತು ಇನ್ನೊಂದು. ಅಕ್ಕನನ್ನು ನೋಡಲು ಹುಡುಗನ ಕಡೆಯವರು ಬಂದರೆ ತಂಗಿಯನ್ನು ಒಳಗೆ ಕೂರಿಸುತ್ತಾರೆ.

ನಿಜ ಇಷ್ಟೇ: ಮೈಗೆ ಬಣ್ಣ ಕೊಡುವ ಮೆಲನಿನ್ ತಯಾರಾಗುವುದು ಕಡಿಮೆ, ಅಥವಾ ಇಲ್ಲವೇ ಇಲ್ಲ. ಸಾಮಾನ್ಯ ಬಗೆಯ ಆಲ್ಬಿನಿಸಂನಲ್ಲಿ ಇದರ ವಂಶವಾಹಿ ತಂದೆ ತಾಯಿ ಇಬ್ಬರಿಂದಲೂ ಬಂದಿರುತ್ತದೆ. ಇಬ್ಬರ ಬಣ್ಣವೂ ಎಲ್ಲರ ಹಾಗೇ ಇರಬಹುದು, ಆದರೂ ಪ್ರತಿ ಹೆರಿಗೆಯಲ್ಲಿ ನಾಲ್ಕರಲ್ಲಿ ಒಂದು ಸಾಧ್ಯತೆ ಇರುತ್ತದೆ. ಹತ್ತಿರದ ರಕ್ತಸಂಬಂಧದ ಮದುವೆಯಲ್ಲಿ ಈ ಸಾಧ್ಯತೆ ಹೆಚ್ಚು. ತಾಯಿ ಒಬ್ಬಳ ಮೇಲೆ ತಪ್ಪು ಹೊರಿಸಲು ಇದರಲ್ಲಿ ಏನೂ ಇಲ್ಲ. ತೊನ್ನು ಬೇರೆ, ಇದು ಬೇರೆ. ಎರಡೂ ಅಂಟುವುದಿಲ್ಲ.

ಬಣ್ಣಕ್ಕಿಂತ ದೊಡ್ಡ ಕಷ್ಟ ಕಣ್ಣಿನದು. ದೃಷ್ಟಿ ಮಂದ, ಕಣ್ಣುಗುಡ್ಡೆ ಅಲುಗುತ್ತಿರುತ್ತದೆ, ಬಿಸಿಲಿಗೆ ಕಣ್ಣು ಬಿಡಲಾಗುವುದಿಲ್ಲ. ಕನ್ನಡಕದಿಂದಲೂ ಪೂರ್ತಿ ಸರಿಹೋಗದು. ಬೋರ್ಡು ಕಾಣದ ಮಗುವನ್ನು ‘ದಡ್ಡ’ ಎಂದು ಹಿಂದಿನ ಬೆಂಚಿಗೆ ಕಳಿಸಿದರೆ ಓದು ಅಲ್ಲಿಗೇ ನಿಲ್ಲುತ್ತದೆ. ಬುದ್ಧಿಗೂ ಇದಕ್ಕೂ ಸಂಬಂಧವೇ ಇಲ್ಲ. ಬಿಸಿಲಲ್ಲಿ ಕೂಲಿ ಮಾಡುವವರಿಗೆ ಚರ್ಮದ ಕ್ಯಾನ್ಸರಿನ ಅಪಾಯ ಹೆಚ್ಚು. ಐದು ತಾಲೂಕುಗಳಂಥ ಬಯಲುಸೀಮೆಯಲ್ಲಿ, ಹೊಲದ ದುಡಿಮೆಯೇ ಅನ್ನವಾಗಿರುವಲ್ಲಿ, ಇದು ಸಣ್ಣ ಮಾತಲ್ಲ.

2016ರ ಅಂಗವಿಕಲರ ಹಕ್ಕು ಕಾಯ್ದೆಯ 21 ಬಗೆಗಳಲ್ಲಿ ಆಲ್ಬಿನಿಸಂ ಹೆಸರಿಲ್ಲ. ಆದರೆ ಮಂದ ದೃಷ್ಟಿ ಇದೆ. ಸರಕಾರಿ ಆಸ್ಪತ್ರೆಯಲ್ಲಿ ಕಣ್ಣು ಪರೀಕ್ಷೆ ಮಾಡಿಸಿ, ವೈಕಲ್ಯ ಶೇ. 40 ಅಥವಾ ಹೆಚ್ಚು ಎಂದು ಪ್ರಮಾಣಪತ್ರ ಸಿಕ್ಕಿದರೆ ಮೀಸಲಾತಿ, ಇತರ ಸವಲತ್ತುಗಳಿಗೆ ದಾರಿಯಾಗುತ್ತದೆ. ಯುಡಿಐಡಿ ಕಾರ್ಡ್ ಮಾಡಿಸಿಡಿ.

ಮನೆಯಲ್ಲಿ ಮಾಡಬೇಕಾದದ್ದೂ ಬಹಳವಿಲ್ಲ. ಅಗಲ ಅಂಚಿನ ಟೋಪಿ, ತುಂಬು ತೋಳಿನ ಅಂಗಿ, ಕಪ್ಪು ಕನ್ನಡಕ, ಬಿಸಿಲಿಗೆ ಹೊರಡುವ ಮೊದಲು ಸನ್‌ಸ್ಕ್ರೀನ್. ಶಾಲೆಯ ಟೀಚರಿಗೂ ಮದ್ರಸದ ಉಸ್ತಾದರಿಗೂ ಹೇಳಿ ಮುಂದಿನ ಬೆಂಚಿನಲ್ಲಿ ಜಾಗ ಕೊಡಿಸಿ. ದೊಡ್ಡ ಅಕ್ಷರದ ಪ್ರಶ್ನೆಪತ್ರಿಕೆ ಕೇಳಿ. ಮನೆಗೆ ನೆಂಟರು ಬಂದಾಗ ಆ ಮಗುವನ್ನೂ ಹೆಸರು ಹಿಡಿದು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿ.